ಬರಿಗೈಲಿ ಹೋಗಬಾರದು

(ಸಿಂಧನೂರಿನಲ್ಲಿ ಓದುಗರ ಸಭೆಯೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ತಿಂಡಿ ತಿನಿಸಿನ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದೀರಿ. ಈ ವಿಷಯದಲ್ಲಿ ಇಲ್ಲಿ ಕುಳಿತ ಯಾವ ತಾಯಿಯೂ ನನಗಿಂತ ಹೆಚ್ಚು ಬಲ್ಲವರು. ಆದರೂ ಒಪ್ಪಿಕೊಂಡೆ. ಅದಕ್ಕೆ ಕಾರಣ ನನ್ನದೇ ಒಂದು ತಪ್ಪು. ಅದನ್ನು ಹೇಳಿ ಮುಂದಿನ ಮಾತಿಗೆ ಹೋಗುತ್ತೇನೆ.

ಪತ್ರಿಕೋದ್ಯಮದ ಡಿಪ್ಲೊಮಾ ಓದಲು ಹೋದ ವರ್ಷ. ದೀಪಾವಳಿ ರಜೆ ಮುಗಿಸಿ ಎಲ್ಲರೂ ಹಾಸ್ಟೆಲಿಗೆ ಮರಳಿದೆವು. ಒಬ್ಬ ಧಾರವಾಡದ ಪೇಡೆ ತಂದ. ಒಬ್ಬ ಬೆಳಗಾವಿಯ ಕುಂದಾ ತಂದ. ಇನ್ನೊಬ್ಬ ಮೈಸೂರು ಪಾಕಿನ ಡಬ್ಬಿ ತೆಗೆದ. ನಾನು ದಾರಿಯಲ್ಲಿ ಕೊಂಡ ಅಮೀನಗಡದ ಕರದಂಟು ಹಂಚಿದೆ. ‘ಇದು ನಿಮ್ಮ ಊರಿಂದಾ?’ ಎಂದು ಗೆಳೆಯ ಕೇಳಿದ. ‘ಹೌದು’ ಎಂದೆ. ಅಮೀನಗಡ ನಮ್ಮ ಊರಲ್ಲ, ನಮ್ಮ ತಾಲ್ಲೂಕಲ್ಲ, ನಮ್ಮ ಜಿಲ್ಲೆಯೂ ಅಲ್ಲ. ಅದು ಹುನಗುಂದ ದಾಟಿದ ಮೇಲೆ ಬರುವ ಊರು, ಬಾಗಲಕೋಟೆ ಜಿಲ್ಲೆಗೆ ಸೇರಿದ್ದು.

ಅದೇ ಹೊತ್ತಿಗೆ ನನ್ನ ಟ್ರಂಕಿನ ತಳದಲ್ಲಿ ಇನ್ನೊಂದು ಡಬ್ಬಿ ಇತ್ತು. ಹೊರಡುವಾಗ ಅವ್ವ, ‘ಬರಿಗೈಲೆ ಹೋಗಬ್ಯಾಡಪಾ, ನಿನ್ನ ಗೆಳೆಯಾರಿಗೆ ಕೊಡು’ ಎಂದು ಶೇಂಗಾ ಉಂಡಿ, ಸಜ್ಜಿ ರೊಟ್ಟಿ, ಕರ್ಚಿಕಾಯಿ ಕಟ್ಟಿಕೊಟ್ಟಿದ್ದಳು. ಅದನ್ನು ಹೊರಗೆ ತೆಗೆಯಲಿಲ್ಲ. ಹಳೇ ಹಾರ್ಲಿಕ್ಸ್ ಡಬ್ಬಿ, ಮೇಲೆ ಬಟ್ಟೆ ಕಟ್ಟಿದ್ದು. ಪೆಟ್ಟಿಗೆಯ ಮೇಲೆ ಅಚ್ಚಾದ ಹೆಸರಿಲ್ಲ, ಚಿತ್ರವಿಲ್ಲ. ನಾಚಿಕೆ ಬಂತು. ರಾತ್ರಿ ಒಬ್ಬನೇ ಕೂತು ತಿಂದೆ.

ಅವತ್ತಿನಿಂದ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಉಳಿದಿದೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯವರು ದೂರದ ಊರಿಗೆ ಹೊರಟರೆ ಕೈಯಲ್ಲಿ ಏನು ಹಿಡಿದು ಹೋಗಬೇಕು? ‘ಇದು ನಮ್ಮ ಸೀಮೆಯದು’ ಎಂದು ಏನನ್ನು ಕೊಡಬೇಕು? ನಮ್ಮಲ್ಲಿ ಅಂಥದ್ದು ಇಲ್ಲವೋ, ಅಥವಾ ಇದ್ದೂ ಅದಕ್ಕೆ ಹೆಸರಿಲ್ಲವೋ?

ಬುತ್ತಿ, ಉಂಡಿ, ಫಳಾರ

ದೇವರು, ಗುರು, ಬಸುರಿ, ಮಕ್ಕಳು – ಈ ನಾಲ್ವರನ್ನು ನೋಡಲು ಬರಿಗೈಲಿ ಹೋಗಬಾರದು ಎಂದು ಹಿರಿಯರು ಹೇಳುತ್ತಾರೆ. ಈ ಮಾತಿನ ಹಿಂದೆ ಒಂದು ದೊಡ್ಡ ವ್ಯವಸ್ಥೆಯೇ ಇದೆ. ಯಾರಿಗೆ, ಯಾವಾಗ, ಏನು ಒಯ್ಯಬೇಕು ಎಂಬುದು ನಮ್ಮ ಮನೆಗಳಲ್ಲಿ ಬರೆಯದ ಕಾನೂನು.

ಶ್ರಾವಣದ ನಾಗರ ಪಂಚಮಿಯನ್ನು ತೆಗೆದುಕೊಳ್ಳಿ. ಹಬ್ಬಕ್ಕೆ ಮೊದಲು ಅಣ್ಣನೋ ತಮ್ಮನೋ ತಂಗಿಯ ಗಂಡನ ಮನೆಗೆ ಹೋಗಿ ಅವಳನ್ನು ತವರಿಗೆ ಕರೆತರುತ್ತಾನೆ. ಜೋಕಾಲಿ ಆಡಿ, ನಾಲ್ಕು ದಿನ ಇದ್ದು ಅವಳು ಮರಳುವಾಗ ಬುಟ್ಟಿ ತುಂಬ ಉಂಡಿ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಬುಂದಿ ಉಂಡಿ, ಪುಟಾಣಿ ಹಿಟ್ಟಿನ ತಂಬಿಟ್ಟು, ಹುರಿದ ಹಿಟ್ಟಿನ ಅಳ್ಳಿಟ್ಟು, ಸೇವಿಗೆ ಬೆಲ್ಲದ ಪಾಕ ಹಾಕಿ ಕಟ್ಟಿದ ಸೇವಿನುಂಡಿ. ಈ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲ ಅಜ್ಜಿಯರು ಈ ಸಭೆಯಲ್ಲಿದ್ದಾರೆ. ಅವೆಲ್ಲ ಗಂಡನ ಮನೆಯ ಓಣಿಯಲ್ಲಿ ಮನೆಮನೆಗೆ ಹಂಚಿಹೋಗುತ್ತವೆ. ಉಂಡಿಯ ಜೊತೆ ತವರಿನ ಮಾನವೂ ಹಂಚಿಹೋಗುತ್ತದೆ.

ಪಂಚಮಿಯ ಮುನ್ನಾದಿನದ ರೊಟ್ಟಿ ಹಬ್ಬ ಇನ್ನೂ ಸೊಗಸಾದದ್ದು. ತೆಳ್ಳಗೆ ಬಡಿದು ಒಣಗಿಸಿದ ಖಡಕ್ ರೊಟ್ಟಿ, ಬಗೆಬಗೆಯ ಪಲ್ಯ, ಚಟ್ನಿಪುಡಿ ಇಟ್ಟು ನೆರೆಮನೆಗೆ ಕೊಡುತ್ತಾರೆ. ಅವರು ತಮ್ಮ ರೊಟ್ಟಿ, ತಮ್ಮ ಪಲ್ಯ ಇಟ್ಟು ತಿರುಗಿ ಕೊಡುತ್ತಾರೆ. ಸಂಜೆಗೆ ನಮ್ಮ ಮನೆಯ ಬುಟ್ಟಿಯಲ್ಲಿ ಊರೆಲ್ಲರ ಮನೆಯ ರೊಟ್ಟಿ ಇರುತ್ತದೆ. ಜಾತಿಯ ಗೋಡೆ ಹಲವು ಊರುಗಳಲ್ಲಿ ಆ ಒಂದು ದಿನ ಸ್ವಲ್ಪ ತಗ್ಗುತ್ತದೆ. ಪೂರ್ತಿ ಬೀಳುತ್ತದೆ ಎಂದು ನಾನು ಹೇಳಲಾರೆ. ಯಾರ ಮನೆಯ ರೊಟ್ಟಿ ಯಾರ ಮನೆಯ ಹೊಸ್ತಿಲು ದಾಟಿತು ಎಂಬುದನ್ನು ನೋಡಿದರೆ ಊರಿನ ಸ್ಥಿತಿ ಗೊತ್ತಾಗುತ್ತದೆ.

ಬಾಣಂತಿಗೆ ಅಂಟಿನುಂಡಿ. ಅಂಟನ್ನು ತುಪ್ಪದಲ್ಲಿ ಹುರಿದು ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಬೆಲ್ಲ ಸೇರಿಸಿ ಕಟ್ಟಿದ್ದು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ಸಜ್ಜೆ ಕಡುಬು, ಶೇಂಗಾ ಹೋಳಿಗೆ, ಎಣ್ಣೆಗಾಯಿಯ ಬುತ್ತಿ. ಅಲ್ಲಿ ಮೊದಲ ತುತ್ತು ಭೂಮಿತಾಯಿಗೆ. ಜಾತ್ರೆಗೆ ಹೋದವರು ಮನೆಗೆ ತರುವುದು ಫಳಾರ. ಸೋಮಲಾಪುರದ ಅಂಬಾಮಠದ ಜಾತ್ರೆ ಇರಲಿ, ಮಸ್ಕಿಯ ಬೆಟ್ಟದ ಮಲ್ಲಿಕಾರ್ಜುನನ ಜಾತ್ರೆ ಇರಲಿ, ಮಂಡಾಳು, ಬೆಂಡು, ಬೆತ್ತಾಸು, ಖಾರದ ಪೊಟ್ಟಣ ಇಲ್ಲದೆ ಮನೆಗೆ ಬಂದವನನ್ನು ಮಕ್ಕಳು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಇಷ್ಟೆಲ್ಲ ಇದ್ದೂ ನಮ್ಮದೆಂಬ ಸಿಹಿ ಇಲ್ಲ ಎನ್ನುತ್ತೇವೆ. ಏಕೆಂದರೆ ಇವು ಅಂಗಡಿಯಲ್ಲಿ ಸಿಗುವುದಿಲ್ಲ. ಇವುಗಳ ಪಯಣ ಅಡುಗೆಮನೆಯಿಂದ ಅಡುಗೆಮನೆಗೆ. ಬಸ್ ಸ್ಟ್ಯಾಂಡಿನ ಗಾಜಿನ ಕಪಾಟಿಗೆ ಇವು ಬರಲೇ ಇಲ್ಲ.

ಹುಣ್ಣಿಮೆಯ ಎರಡು ಸಿಹಿ

ಈಗ ಸ್ವಲ್ಪ ದೂರದ ದೇಶಕ್ಕೆ ಹೋಗಿ ಬರೋಣ. ಊರಿನ ಹೆಸರಿನ ಸಿಹಿಯನ್ನು ಕೊಂಡು ನೆಂಟರಿಗೆ ಕೊಡುವ ಪದ್ಧತಿ ಚೀನೀಯರಲ್ಲಿ ಬಹಳ ಬೆಳೆದಿದೆ. ತೈವಾನಿನವರು ಇಂಥ ಕಾಣಿಕೆಗೆ ‘ಬಾನ್‌ಷೌಲಿ’ ಎನ್ನುತ್ತಾರೆ. ಕೈಯ ಜೊತೆ ಬರುವ ಕಾಣಿಕೆ ಎಂದು ಅದರ ಅರ್ಥ. ಅವ್ವ ಹೇಳಿದ ‘ಬರಿಗೈಲೆ ಹೋಗಬ್ಯಾಡ’ ಎಂಬ ಮಾತನ್ನೇ ತಿರುವಿ ಹೇಳಿದಂತಿದೆ. ತಿಯಾನ್‌ಜಿನ್ ನಗರಕ್ಕೆ ಹೋದವರು ಹಿಟ್ಟಿನ ಎಳೆಗಳನ್ನು ಹಗ್ಗದ ಹಾಗೆ ಹೊಸೆದು ಎಣ್ಣೆಯಲ್ಲಿ ಕರಿದ ‘ಮಾಹುವಾ’ ತರುತ್ತಾರೆ. ಮಕಾವ್‌ನಿಂದ ಬಾದಾಮಿ ಬಿಸ್ಕತ್ತು, ತೈವಾನಿನಿಂದ ಅನಾನಸ್ ತುಂಬಿದ ಕೇಕು. ಶೇಂಗಾ ಮತ್ತು ಎಳ್ಳನ್ನು ಸಕ್ಕರೆ ಪಾಕದಲ್ಲಿ ಹಾಕಿ ಗಟ್ಟಿ ಮಾಡಿ ಕತ್ತರಿಸಿದ ತುಂಡುಗಳೂ ಅವರಲ್ಲಿವೆ. ನಮ್ಮ ಶೇಂಗಾ ಚಿಕ್ಕಿಯನ್ನು ಅವರ ಮುಂದಿಟ್ಟರೆ ಗುರುತು ಹಿಡಿದಾರು. ಶೇಂಗಾ ಮೂಲದಲ್ಲಿ ನಮ್ಮದೂ ಅಲ್ಲ, ಅವರದೂ ಅಲ್ಲ. ದಕ್ಷಿಣ ಅಮೆರಿಕದಿಂದ ಹಡಗು ಹತ್ತಿ ಎರಡೂ ಕಡೆ ಬಂದದ್ದು.

ಅವರ ಎಲ್ಲ ಕಾಣಿಕೆಗಳಿಗೂ ತಾಯಿಯಂಥದ್ದು ಚಂದ್ರನ ಕಡುಬು. ‘ಯುಎಬಿಂಗ್’ ಎನ್ನುತ್ತಾರೆ. ಅವರ ಪಂಚಾಂಗದ ಎಂಟನೆಯ ತಿಂಗಳ ಹುಣ್ಣಿಮೆಗೆ ಅದನ್ನು ನೆಂಟರಿಗೆ, ಗುರುಗಳಿಗೆ, ಮೇಲಧಿಕಾರಿಗಳಿಗೆ ಕೊಡುತ್ತಾರೆ. ತಾವರೆ ಬೀಜದ ಅಥವಾ ಕೆಂಪು ಕಾಳಿನ ಸಿಹಿ ಹೂರಣ, ಮೇಲೆ ತೆಳುವಾದ ಹಿಟ್ಟಿನ ಕಣಕ. ಅದನ್ನು ಚಿತ್ತಾರ ಕೆತ್ತಿದ ಮರದ ಅಚ್ಚಿನಲ್ಲಿ ಒತ್ತಿ ತೆಗೆದು ಬೇಯಿಸುತ್ತಾರೆ.

ಮರದ ಅಚ್ಚು ಮತ್ತು ಹುಣ್ಣಿಮೆ – ಈ ಎರಡು ಮಾತು ಕೇಳಿದ ಕೂಡಲೇ ಇಲ್ಲಿರುವ ಹೆಣ್ಣುಮಕ್ಕಳಿಗೆ ಏನೋ ನೆನಪಾಗಿರಬೇಕು. ಹೌದು, ನಮ್ಮ ಗೌರಿ ಹುಣ್ಣಿಮೆಯ ಸಕ್ಕರೆ ಆರತಿ.

ದೀಪಾವಳಿ ಮುಗಿದು ಹದಿನೈದು ದಿನಕ್ಕೆ, ಕಾರ್ತಿಕದ ಹುಣ್ಣಿಮೆಗೆ, ನಮ್ಮ ಸೀಮೆಯ ಹೆಣ್ಣುಮಕ್ಕಳು ತಟ್ಟೆಯಲ್ಲಿ ಸಕ್ಕರೆಯ ಗೊಂಬೆ ಜೋಡಿಸಿ, ದೀಪ ಹಚ್ಚಿಕೊಂಡು, ಹಾಡು ಹೇಳುತ್ತ ಗೌರಿಗೆ ಆರತಿ ಬೆಳಗಲು ಹೋಗುತ್ತಾರೆ. ಆನೆ, ಕುದುರೆ, ನವಿಲು, ಬಸವಣ್ಣ, ತೇರು, ಗುಡಿಯ ಗೋಪುರ, ತುಳಸಿಕಟ್ಟೆ. ಮದುವೆ ಗೊತ್ತಾದ ಹುಡುಗಿಯ ಮನೆಗೆ ಗಂಡಿನ ಕಡೆಯವರು ಸಕ್ಕರೆ ಆರತಿ, ಸೀರೆ, ಹೂವಿನ ದಂಡೆ ಒಯ್ಯುತ್ತಾರೆ. ತವರಿನಿಂದಲೇ ಎಲ್ಲವೂ ಹೋಗುವ ನಮ್ಮ ಸಂಪ್ರದಾಯದಲ್ಲಿ ಗಂಡಿನ ಮನೆಯಿಂದ ಹೆಣ್ಣಿನ ಮನೆಗೆ ಬರುವ ಕಾಣಿಕೆಗಳಲ್ಲಿ ಇದೊಂದು. ಈ ಮಾತನ್ನು ನೆನಪಿಡಿ, ಮುಂದೆ ಇದು ಬೇಕಾಗುತ್ತದೆ.

ಅದನ್ನು ಮಾಡುವ ಬಗೆ ನೋಡಲು ಸರಳ. ಸಕ್ಕರೆಗೆ ನೀರು ಹಾಕಿ ಕುದಿಸುತ್ತಾರೆ. ಸ್ವಲ್ಪ ಹಾಲು ಹಾಕಿದರೆ ಕೊಳೆ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ತೆಗೆಯುತ್ತಾರೆ. ಪಾಕ ಹದಕ್ಕೆ ಬಂದ ಮೇಲೆ, ನೀರಿನಲ್ಲಿ ನೆನೆಸಿಟ್ಟ ಮರದ ಅಚ್ಚಿನ ಎರಡು ಹೋಳು ಸೇರಿಸಿ ಕಟ್ಟಿ, ಅದರೊಳಗೆ ಸುರಿಯುತ್ತಾರೆ. ಗಟ್ಟಿಯಾದ ಮೇಲೆ ಕಟ್ಟು ಬಿಚ್ಚಿದರೆ ಒಳಗೆ ಆನೆ. ಹದ ತಪ್ಪಿದರೆ ಮಾತ್ರ ಆನೆಗೆ ಸೊಂಡಿಲು ಇರುವುದಿಲ್ಲ. ಪಾಕ ಎಳೆಯದಾದರೆ ಗೊಂಬೆ ನಿಲ್ಲುವುದಿಲ್ಲ, ಮುದಿಯಾದರೆ ಅಚ್ಚಿನಲ್ಲೇ ಒಡೆಯುತ್ತದೆ. ಆ ಹದ ತಿಳಿಸುವ ಯಂತ್ರವಿಲ್ಲ. ಕಣ್ಣು ಮತ್ತು ಬೆರಳೇ ಹೇಳಬೇಕು. ಅಚ್ಚು ಕೆತ್ತುವ ಬಡಿಗನ ಕೈ ಬೇರೆ, ಪಾಕ ಹಿಡಿಯುವವರ ಕೈ ಬೇರೆ. ಇವೆರಡರಲ್ಲಿ ಒಂದು ನಿಂತರೂ ಇನ್ನೊಂದು ನಿಲ್ಲುತ್ತದೆ.

‘ಚೀನಿ’ ಎಂಬ ಮಾತು

ನಮ್ಮ ಸಕ್ಕರೆಯ ಆನೆಗೂ ಚೀನದ ಚಂದ್ರನ ಕಡುಬಿಗೂ ನೇರ ನೆಂಟಸ್ತಿಕೆ ಇದೆ ಎಂದು ನಾನು ಹೇಳುತ್ತಿಲ್ಲ. ಆದರೆ ಸಕ್ಕರೆಗೆ ಮಾತ್ರ ಇದೆ.

ಕಬ್ಬಿನ ಹಾಲನ್ನು ಕಾಯಿಸಿ ಹರಳು ಮಾಡುವ ವಿದ್ಯೆ ಭಾರತದಲ್ಲಿ ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗುಡ, ಖಂಡ, ಶರ್ಕರ ಎಂದು ಬೇರೆ ಬೇರೆ ಬಗೆಗಳ ಹೆಸರಿವೆ. ಶರ್ಕರ ಎಂಬ ಮಾತು ಪಾರಸಿ, ಅರಬ್ಬೀ ಭಾಷೆಗಳನ್ನು ಹಾದು ಇಂಗ್ಲಿಷಿನ ಶುಗರ್ ಆಯಿತು. ಖಂಡ ಎಂಬುದು ಕ್ಯಾಂಡಿ ಆಯಿತು. ಚೀನದ ಟಾಂಗ್ ವಂಶದ ದೊರೆ ತಾಯ್‌ಝೋಂಗ್ 7ನೆಯ ಶತಮಾನದಲ್ಲಿ ಸಕ್ಕರೆ ಮಾಡುವ ಬಗೆ ಕಲಿಯಲು ಮಗಧಕ್ಕೆ ಜನರನ್ನು ಕಳಿಸಿದ ಸಂಗತಿ ಆ ವಂಶದ ಇತಿಹಾಸ ಗ್ರಂಥದಲ್ಲೇ ದಾಖಲಾಗಿದೆ. ಕಲಿತ ಚೀನೀಯರು ಅದನ್ನು ಇನ್ನಷ್ಟು ಬಿಳುಪಾಗಿ ಮಾಡಲು ಕಲಿತರು. ಕೊನೆಗೆ ಹಿಂದಿಯಲ್ಲಿ ಬಿಳಿ ಸಕ್ಕರೆಗೆ ‘ಚೀನಿ’ ಎಂದೇ ಹೆಸರು ನಿಂತಿತು. ಕಲ್ಲುಸಕ್ಕರೆಗೆ ಈಜಿಪ್ತಿನ ‘ಮಿಸ್ರ್’ ಎಂಬ ಹೆಸರಿನಿಂದ ‘ಮಿಸ್ರಿ’ ಎಂದಾಯಿತು. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಕೋಲ್ಕತ್ತದ ಹತ್ತಿರ ಹೂಗ್ಲಿ ದಂಡೆಯಲ್ಲಿ ಕಬ್ಬಿನ ತೋಟ, ಸಕ್ಕರೆ ಗಿರಣಿ ಮಾಡಿದವನು ಟಾಂಗ್ ಅಚ್ಯೂ ಎಂಬ ಚೀನೀಯ. ಭಾರತದಲ್ಲಿ ನೆಲೆ ನಿಂತ ಚೀನೀಯರಲ್ಲಿ ಮೊದಲಿಗನೆಂದು ಅವನನ್ನು ಹೇಳುತ್ತಾರೆ. ಆ ಊರಿಗೆ ಈಗಲೂ ಅವನ ಹೆಸರೇ – ಅಚಿಪುರ.

ಇಲ್ಲಿಂದ ಹೋದ ವಿದ್ಯೆ ಬೇರೆಯವರ ಹೆಸರು ಹೊತ್ತು ಇಲ್ಲಿಗೇ ಮರಳಿತು. ಸಿಹಿಯ ಚರಿತ್ರೆಯಲ್ಲಿ ಇಂಥದ್ದು ಮತ್ತೆ ಮತ್ತೆ ನಡೆದಿದೆ. ಯಾರು ಮೊದಲು ಮಾಡಿದರು ಎಂಬುದಕ್ಕಿಂತ ಯಾರ ಹೆಸರಿನಲ್ಲಿ ಮಾರಾಟವಾಯಿತು ಎಂಬುದು ಉಳಿಯುತ್ತದೆ.

ವಲಸೆ ಬಂದ ಸಿಹಿಗಳು

ಹೆಸರು ಮಾಡಿದ ನಮ್ಮ ನಾಡಿನ ಸಿಹಿಗಳನ್ನೇ ನೋಡಿ. ಧಾರವಾಡದ ಪೇಡೆ ಧಾರವಾಡದ್ದೇ, ಅನುಮಾನವಿಲ್ಲ. ಆದರೆ ಅದನ್ನು ತಂದವರು ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಪ್ಲೇಗಿಗೆ ಹೆದರಿ ಊರು ಬಿಟ್ಟು ಬಂದ ಠಾಕೂರ ಮನೆತನದವರು. ಇಲ್ಲಿನ ಎಮ್ಮೆಯ ಹಾಲು, ಇಲ್ಲಿನ ಒಲೆ, ಅವರ ಕೈ – ಮೂರೂ ಸೇರಿ ಹೊಸದೊಂದು ಹುಟ್ಟಿತು. ಇವತ್ತು ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಬೆಳಗಾವಿಯ ಕುಂದಾದ ಹಿಂದೆಯೂ ರಾಜಸ್ಥಾನದ ಕಡೆಯಿಂದ ಬಂದ ಮಿಠಾಯಿಗಾರರ ಕೈ ಇದೆ. ಮೈಸೂರು ಪಾಕು ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನ ಒಲೆಯಲ್ಲಿ ಹುಟ್ಟಿ ಪೇಟೆಗೆ ಬಂದದ್ದು.

ಗೋಕಾಕ ಮತ್ತು ಅಮೀನಗಡದ ಕರದಂಟಿನ ಕಥೆ ನಮಗೆ ಇನ್ನೂ ಹತ್ತಿರದ್ದು. ಕರಿದ ಅಂಟು, ಅದೇ ಕರದಂಟು. ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬೆಲ್ಲ. ಒಮ್ಮೆ ಯೋಚಿಸಿ, ಇದು ನಮ್ಮ ಬಾಣಂತಿಯ ಅಂಟಿನುಂಡಿಯ ದಾಯಾದಿಯೇ ಅಲ್ಲವೇ? ಮನೆಯ ಒಳಕೋಣೆಯಲ್ಲಿ ಬಾಣಂತಿಗೆ ಕೊಡುತ್ತಿದ್ದ ಪದಾರ್ಥಗಳು ಅಲ್ಲಿ ಅಂಗಡಿಗೆ ಬಂದವು, ಬಿಲ್ಲೆಯಾದವು, ಪೆಟ್ಟಿಗೆಗೆ ಸೇರಿದವು, ಅವುಗಳ ಮೇಲೆ ಊರಿನ ಹೆಸರು ಬಿತ್ತು. ನಮ್ಮಲ್ಲಿ ಅವು ಒಳಕೋಣೆಯಲ್ಲೇ ಉಳಿದವು. ನಾನು ಹಾಸ್ಟೆಲಿನಲ್ಲಿ ‘ನಮ್ಮೂರಿಂದು’ ಎಂದು ಹೇಳಿದ್ದು ಸುಳ್ಳು. ಆದರೆ ಅದರೊಳಗೆ ಒಂದು ಎಳೆ ನಿಜವೂ ಇತ್ತು ಎಂದು ಈಗ ಅನಿಸುತ್ತದೆ.

ಒಂದು ಸಂಕ್ರಾಂತಿ, ಮೂರು ಅಡುಗೆಮನೆ

ವಲಸೆ ಬಂದವರಿಂದ ಸಿಹಿಗೆ ಹೆಸರು ಬರುವುದಾದರೆ, ಸಿಂಧನೂರಿನಂಥ ಊರು ಇನ್ನೊಂದಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಬಿಟ್ಟ ಮೇಲೆ, ಎಡದಂಡೆ ಕಾಲುವೆ ಹರಿದ ಕಡೆಯೆಲ್ಲ ಜೋಳ, ಸಜ್ಜೆಯ ಹೊಲ ಭತ್ತದ ಗದ್ದೆಯಾಯಿತು. ಗೋದಾವರಿ, ಕೃಷ್ಣಾ ಮುಖಜ ಭೂಮಿಯ ರೈತರು ಬಂದು ನೆಲೆಸಿದರು. ಅವರ ವಸತಿಗಳಿಗೆ ಇಂದಿಗೂ ಕ್ಯಾಂಪ್ ಎಂದೇ ಹೆಸರು. ಆಮೇಲೆ ಪೂರ್ವ ಪಾಕಿಸ್ತಾನದಿಂದ ಮನೆಮಠ ಕಳೆದುಕೊಂಡು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಇದೇ ತಾಲ್ಲೂಕಿನಲ್ಲಿ ಪುನರ್ವಸತಿ ಮಾಡಿತು. ಆರ್.ಎಚ್. ಕ್ಯಾಂಪುಗಳನ್ನು ನೋಡದವರು ಇಲ್ಲಿ ಯಾರಿದ್ದೀರಿ?

ಜನವರಿಯ ಮಧ್ಯದಲ್ಲಿ ಸಂಕ್ರಾಂತಿ ಬರುತ್ತದೆ. ಆ ದಿನಗಳಲ್ಲಿ ಈ ಮೂರು ಅಡುಗೆಮನೆಗಳಿಗೆ ಒಂದು ಸುತ್ತು ಹಾಕಿ.

ಮೊದಲನೆಯದು ನಮ್ಮದು. ಎಳ್ಳು ಹಚ್ಚಿ ಬಡಿದ ಸಜ್ಜೆ ರೊಟ್ಟಿ, ಎಳ್ಳು ಹೋಳಿಗೆ, ಶೇಂಗಾ ಹೋಳಿಗೆ, ಕುಸುರೆಳ್ಳು. ಸಜ್ಜೆ ರೊಟ್ಟಿ ಒಣಗಿದರೆ ವಾರಗಟ್ಟಲೆ ಇರುತ್ತದೆ. ಅದಕ್ಕೇ ಅದು ಬುತ್ತಿಗೆ ಹೇಳಿ ಮಾಡಿಸಿದ್ದು.

ಎರಡನೆಯದು ಆಂಧ್ರದವರದು. ಅಲ್ಲಿ ಅರಿಸೆಲು. ಹೊಸ ಅಕ್ಕಿಯನ್ನು ನೆನೆಸಿ ಕುಟ್ಟಿ, ಬೆಲ್ಲದ ಪಾಕಕ್ಕೆ ಹಾಕಿ, ಎಳ್ಳು ಸೇರಿಸಿ ತಟ್ಟಿ ಕರಿಯುತ್ತಾರೆ. ನಾವು ಅತಿರಸ, ಕಜ್ಜಾಯ ಎನ್ನುವುದು ಇದರ ಅಕ್ಕತಂಗಿ. ಉದ್ದಿನ ಹಿಟ್ಟಿನ ಸುನ್ನುಂಡೆಯೂ ಅವರಲ್ಲಿದೆ. ಗೋದಾವರಿ ಸೀಮೆಯ ಆತ್ರೇಯಪುರದ ಪೂತರೇಕು ಇನ್ನೊಂದು ಬೆರಗು. ಅಕ್ಕಿಯ ತೆಳು ಹಿಟ್ಟನ್ನು ಕಾದ ಮಡಕೆಯ ಬೆನ್ನಿನ ಮೇಲೆ ಬಟ್ಟೆಯಿಂದ ಎಳೆದು, ಕಾಗದದಂಥ ಹಾಳೆ ತೆಗೆದು, ಬೆಲ್ಲ ತುಪ್ಪ ಹಾಕಿ ಮಡಿಸುತ್ತಾರೆ. 2023ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು.

ಮೂರನೆಯದು ಬಂಗಾಳಿಗಳದು. ಅವರಿಗೆ ಅದು ಪೌಷ ಸಂಕ್ರಾಂತಿ, ಪಿಠೆಯ ಹಬ್ಬ. ಅವರೂ ಹೊಸ ಅಕ್ಕಿಯ ಹಿಟ್ಟನ್ನೇ ಹಿಡಿಯುತ್ತಾರೆ. ಒಳಗೆ ತೆಂಗಿನಕಾಯಿಯ ಹೂರಣ, ಖರ್ಜೂರದ ಬೆಲ್ಲ. ಆ ಬೆಲ್ಲದ ಮರ ಯಾವುದು ಗೊತ್ತೇ? ನಮ್ಮ ಹಳ್ಳದ ದಂಡೆಯ ಈಚಲು. ಅವರ ಸೀಮೆಯಲ್ಲಿ ಚಳಿಗಾಲದಲ್ಲಿ ಅದರ ರಸ ಇಳಿಸಿ ಬೆಲ್ಲ ಕಾಸುತ್ತಾರೆ. ನಮ್ಮ ಸೀಮೆಯಲ್ಲಿ ಅದೇ ಮರದಿಂದ ಹೆಂಡ ಇಳಿಸುತ್ತಿದ್ದರು. ಮರ ಒಂದೇ, ಬುದ್ಧಿ ಎರಡು. ಹಾಲಿನ ಕಥೆಯೂ ಹೀಗೆಯೇ. ಹಾಲು ಒಡೆದರೆ ‘ಕೆಟ್ಟು ಹೋಯಿತು’ ಎಂದು ನಾವು ಮುಖ ಸಣ್ಣ ಮಾಡುತ್ತೇವೆ. ಅವರು ಬೇಕೆಂದೇ ಒಡೆದು ಅದರ ಛೆನಾದಿಂದ ರಸಗುಲ್ಲ, ಸಂದೇಶ ಮಾಡುತ್ತಾರೆ. ಆ ರಸಗುಲ್ಲಕ್ಕಾಗಿ ಬಂಗಾಳಕ್ಕೂ ಒಡಿಶಾಕ್ಕೂ ನಡೆದ ಜಗಳ ನಿಮಗೆ ಗೊತ್ತಿರಬಹುದು. ಕೊನೆಗೆ 2017ರಲ್ಲಿ ಬಂಗಾಳದ ರಸಗುಲ್ಲಕ್ಕೆ, 2019ರಲ್ಲಿ ಒಡಿಶಾದ ರಸಗುಲ್ಲಕ್ಕೆ ಬೇರೆ ಬೇರೆಯಾಗಿ ಭೌಗೋಳಿಕ ಗುರುತು ಕೊಟ್ಟು ಜಗಳ ಬಗೆಹರಿಸಿದರು.

ಎಲ್ಲವನ್ನೂ ಕಳೆದುಕೊಂಡು ಗಡಿ ದಾಟಿದವರು ಪಾತ್ರೆ ಪಡಗ ತರಲಾಗಲಿಲ್ಲ, ಹೊಲ ತರಲಾಗಲಿಲ್ಲ. ಕೈಯ ಹದವನ್ನು ಮಾತ್ರ ತಂದರು. ಅದನ್ನು ಯಾವ ಗಡಿಯಲ್ಲೂ ಯಾರೂ ಕಸಿದುಕೊಳ್ಳಲಾರರು. ಆ ಮನೆಗಳ ಹಿರಿಯ ಹೆಂಗಸರಿಗೆ ಪಿಠೆ ಎಂದರೆ ಹಬ್ಬದ ತಿಂಡಿಯಷ್ಟೇ ಅಲ್ಲ, ಮತ್ತೆ ನೋಡಲಾಗದ ಊರು. ನಾವು ಮಾತ್ರ ಅವರ ಪಕ್ಕದಲ್ಲೇ ಐವತ್ತು ವರ್ಷ ಇದ್ದೂ ಅವರ ಪಿಠೆ ತಿಂದವರು ಕಡಿಮೆ, ಅವರಿಗೆ ಸಜ್ಜೆ ರೊಟ್ಟಿ ಕೊಟ್ಟವರೂ ಕಡಿಮೆ. ಒಂದು ರೊಟ್ಟಿ ಹಬ್ಬಕ್ಕೆ ಕ್ಯಾಂಪಿನ ಕಡೆಗೂ ಒಂದು ಬುಟ್ಟಿ ಹೋಗಲಿ ಎಂಬುದು ನನ್ನ ಆಸೆ.

ಮುದಗಲ್ಲಿನ ಸಕ್ಕರೆ

ಹಂಚಿ ತಿನ್ನುವುದು ನಮಗೆ ಹೊಸದೇನಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ಇದಕ್ಕೆ ಸಾಕ್ಷಿ. ಹುಸೇನಿ ಆಲಂ ದರ್ಶನಕ್ಕೆ ಆಂಧ್ರ, ತೆಲಂಗಾಣ, ಮಹಾರಾಷ್ಟ್ರಗಳಿಂದಲೂ ಜನ ಬರುತ್ತಾರೆ. ಅವರಲ್ಲಿ ಹಿಂದೂಗಳ ಸಂಖ್ಯೆ ಸಣ್ಣದೇನಲ್ಲ. ಹರಕೆ ಹೊತ್ತವರು ಸಕ್ಕರೆ ಓದಿಸುತ್ತಾರೆ. ‘ಸಕ್ಕರೆ ಓದಿಸುವುದು’ ಎಂಬ ಮಾತು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕು, ನಿಮಗೆ ಬೇಕಾಗಿಲ್ಲ. ಓದಿಸಿದ ಆ ಸಕ್ಕರೆ ಚಿಟಿಕೆ ಚಿಟಿಕೆಯಾಗಿ ಕಾಗದದ ಪೊಟ್ಟಣದಲ್ಲಿ ಊರೂರಿಗೆ ಹೋಗುತ್ತದೆ. ಮನೆಗಳಲ್ಲಿ ಗೋಧಿ ಹಿಟ್ಟು, ಬೆಲ್ಲದ ಚೋಂಗೆ ಮಾಡಿ ನೆರೆಯವರಿಗೆ ಕೊಡುತ್ತಾರೆ. ಅಂಗಡಿಯ ಪೆಟ್ಟಿಗೆ ಇಲ್ಲ, ಹೆಸರಿಲ್ಲ. ಆದರೆ ಆ ಚಿಟಿಕೆ ಸಕ್ಕರೆಗಿಂತ ದೊಡ್ಡ ಸೀಮೆಯ ಕಾಣಿಕೆ ಯಾವುದಿದೆ?

ಕಾಣಿಕೆಯ ಭಾರ

ಇಷ್ಟು ಹೊಗಳಿದ ಮೇಲೆ ಒಂದು ಕಹಿ ಮಾತನ್ನೂ ಹೇಳಬೇಕು. ಹೇಳದಿದ್ದರೆ ಇಲ್ಲಿ ಕುಳಿತ ತಾಯಂದಿರಿಗೆ ಮೋಸ ಮಾಡಿದಂತೆ.

ಉಂಡಿಯ ಬುಟ್ಟಿ ಎಲ್ಲರಿಗೂ ಸಿಹಿಯಾಗಿಲ್ಲ. ‘ಅವಳ ತವರಿಂದ ಐದು ನಮೂನಿ ಬಂತು, ನಿನ್ನ ತವರಿಂದ ಮೂರೇ’ ಎಂಬ ಮಾತು ಎಷ್ಟು ಸೊಸೆಯಂದಿರ ಪಂಚಮಿಯನ್ನು ಕೆಡಿಸಿದೆ. ಬರಗಾಲದ ವರ್ಷ, ಕೈಯಲ್ಲಿ ಕಾಸಿಲ್ಲದಾಗಲೂ, ಮಗಳ ಮಾನಕ್ಕಾಗಿ ಸಾಲ ಮಾಡಿ ಕೊಬ್ಬರಿ, ಬೆಲ್ಲ, ತುಪ್ಪ ತಂದ ತಂದೆಯರಿದ್ದಾರೆ. ಉಂಡಿ ಕಟ್ಟಿ ಕಟ್ಟಿ ಅಂಗೈ ಸುಟ್ಟುಕೊಂಡ ಹೆಂಗಸರ ದುಡಿಮೆಗೆ ಯಾರೂ ಲೆಕ್ಕ ಇಟ್ಟಿಲ್ಲ. ಪ್ರೀತಿಯಿಂದ ಶುರುವಾದದ್ದು ತೂಕಕ್ಕೆ ಬಂದು ನಿಂತಾಗ ಅದು ವರದಕ್ಷಿಣೆಯ ತಂಗಿಯಾಗುತ್ತದೆ.

ಇದು ನಮ್ಮೊಬ್ಬರ ರೋಗವಲ್ಲ. ಚೀನದಲ್ಲಿ ಚಂದ್ರನ ಕಡುಬು ಬರಬರುತ್ತ ಅಧಿಕಾರಿಗಳನ್ನು ಒಲಿಸಿಕೊಳ್ಳುವ ಸಾಧನವಾಯಿತು. ಪೆಟ್ಟಿಗೆ ದೊಡ್ಡದಾಯಿತು, ಬೆಲೆ ಏರಿತು, ಒಳಗೆ ತಿನ್ನುವುದು ಸಣ್ಣದಾಯಿತು. 2013ರಲ್ಲಿ ಅಲ್ಲಿನ ಆಳುವ ಪಕ್ಷ ಸಾರ್ವಜನಿಕ ಹಣದಲ್ಲಿ ಚಂದ್ರನ ಕಡುಬು ಕೊಂಡು ಹಂಚಬಾರದೆಂದು ನಿಷೇಧಿಸಿತು. 2022ರಲ್ಲಿ 500 ಯುವಾನ್‌ಗಿಂತ ಹೆಚ್ಚು ಬೆಲೆಯ ಪೆಟ್ಟಿಗೆಗಳ ಮೇಲೆ ಕಣ್ಣಿಡುವ ನಿಯಮ ತಂದರು. ಕಾಣಿಕೆ ಯಾವ ದೇಶದ್ದಾದರೂ, ಪೆಟ್ಟಿಗೆ ಉಂಡಿಗಿಂತ ದೊಡ್ಡದಾದಾಗ ಎಚ್ಚರ ಬೇಕು.

ಸಕ್ಕರೆ ಆರತಿಯ ಮಾತನ್ನು ನೆನಪಿಡಿ ಎಂದಿದ್ದೆ. ಅದು ಗಂಡಿನ ಮನೆಯಿಂದ ಹೆಣ್ಣಿನ ಮನೆಗೆ ಬರುತ್ತದೆ. ಅದರಲ್ಲಿ ತೂಕದ ಮಾತಿಗಿಂತ ಚೆಲುವಿನ ಮಾತು ಹೆಚ್ಚು. ಒಂದು ಆನೆ, ಒಂದು ನವಿಲು ಬಂದರೂ ಹುಡುಗಿಯ ಮುಖ ಅರಳುತ್ತದೆ. ಕಾಣಿಕೆ ಎರಡೂ ದಿಕ್ಕಿಗೆ ನಡೆಯಬೇಕು, ಕೈಗೆ ಭಾರವಾಗಬಾರದು ಎಂಬ ಪಾಠ ನಮ್ಮ ಹಬ್ಬದಲ್ಲೇ ಇದೆ. ನಾವು ಅದನ್ನು ಮರೆತು ಬುಟ್ಟಿ ಎಣಿಸಲು ಕೂತೆವು.

ಹೆಸರು ಬರೆದ ಬಂಡೆ

ಕೊನೆಯ ಮಾತಿಗೆ ಮಸ್ಕಿಗೆ ಹೋಗೋಣ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರಿಗೆ ಅಲ್ಲಿನ ಬಂಡೆಯ ಮೇಲೆ ಬರಹ ಕಂಡಿತು. ಅದುವರೆಗೆ ದೇಶದ ನಾನಾ ಕಡೆ ಸಿಕ್ಕ ಶಾಸನಗಳಲ್ಲಿ ದೇವಾನಾಂಪಿಯ, ಪಿಯದಸಿ ಎಂಬ ಬಿರುದುಗಳಿದ್ದವು. ಮಸ್ಕಿಯ ಬಂಡೆ ‘ಅಶೋಕ’ ಎಂಬ ಹೆಸರನ್ನೇ ಹೇಳಿತು. ಆ ದೊರೆ ಯಾರು ಎಂಬ ಅನುಮಾನ ಅದರಿಂದ ತೀರಿತು. ಅವನು ಮಾಡಿದ ಕೆಲಸ ಮೊದಲೂ ಅಷ್ಟೇ ದೊಡ್ಡದಿತ್ತು. ಆದರೆ ಹೆಸರು ಸಿಕ್ಕ ಮೇಲೆ ಜಗತ್ತು ಅವನನ್ನು ಗುರುತಿಸಿತು.

ನಮ್ಮ ಸೀಮೆ ಹೆಸರಿನ ವಿಷಯದಲ್ಲಿ ಯಾವಾಗಲೂ ಹಿಂದೆ. ಹಟ್ಟಿಯಲ್ಲಿ ತೆಗೆದ ಚಿನ್ನ ಯಾವುದೋ ಊರಿನಲ್ಲಿ ಸರವಾಗುತ್ತದೆ, ಅದರ ಮೇಲೆ ಹಟ್ಟಿಯ ಹೆಸರಿರುವುದಿಲ್ಲ. ಸಿಂಧನೂರಿನ ಅಕ್ಕಿಯನ್ನು ಉಣ್ಣುವ ಎಷ್ಟೋ ಮನೆಗಳಿಗೆ ಸಿಂಧನೂರು ಎಲ್ಲಿದೆ ಎಂದು ಗೊತ್ತಿಲ್ಲ. ತಿಂಡಿಯಲ್ಲಾದರೂ ಹೀಗಾಗುವುದು ಬೇಡ.

ನಾಳೆಯೇ ಕಾರ್ಖಾನೆ ತೆರೆಯಿರಿ, ಭೌಗೋಳಿಕ ಗುರುತಿಗೆ ಅರ್ಜಿ ಹಾಕಿ ಎಂದು ನಾನು ಹೇಳುವುದಿಲ್ಲ. ಅದಕ್ಕೆ ದಾಖಲೆ ಬೇಕು, ಸಂಘ ಬೇಕು, ಕಾಲ ಬೇಕು. ಅದಕ್ಕಿಂತ ಮೊದಲು ಆಗಬೇಕಾದ ಮೂರು ಸಣ್ಣ ಕೆಲಸಗಳಿವೆ. ಒಂದು, ಮನೆಯ ಹಿರಿಯರು ಮಾಡುವ ಉಂಡಿ, ರೊಟ್ಟಿ, ಸಕ್ಕರೆ ಆರತಿಯ ಹದವನ್ನು ಮಕ್ಕಳು ಪಕ್ಕದಲ್ಲಿ ಕೂತು ಕಲಿಯಲಿ. ಗಂಡುಮಕ್ಕಳೂ ಕಲಿಯಲಿ. ಎರಡು, ಖಡಕ್ ರೊಟ್ಟಿ ಬಡಿದು ಮಾರುವ ಹೆಂಗಸರು ಹಲವು ಊರುಗಳಲ್ಲಿ ಈಗಾಗಲೇ ಇದ್ದಾರೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯದ ವರ್ಷ ಎಂದು ಸಾರಿದ ಮೇಲೆ ಸಜ್ಜೆಗೆ ಪೇಟೆಯಲ್ಲಿ ಮರ್ಯಾದೆ ಬಂದಿದೆ. ಅವರು ಮಾರುವ ಪೊಟ್ಟಣದ ಮೇಲೆ ಊರಿನ ಹೆಸರು ಅಚ್ಚಾಗಲಿ. ಲಾಭ ಬಡಿದ ಕೈಗೇ ಸೇರಲಿ. ಮೂರು, ದೂರ ಹೋಗುವಾಗ ನಾವು ಅದನ್ನು ಹೊರಗೆ ತೆಗೆಯಲು ನಾಚಬಾರದು.

ಈ ಮೂರನೆಯದು ನನಗೆ ನಾನೇ ಹೇಳಿಕೊಂಡ ಮಾತು. ಹೋದ ಸಲ ಕೆಲಸದ ಮೇಲೆ ಬೆಂಗಳೂರಿಗೆ ಹೋಗುವಾಗ ಅವ್ವನಿಗೆ, ‘ಸಜ್ಜಿ ರೊಟ್ಟಿ, ಶೇಂಗಾ ಉಂಡಿ ಕಟ್ಟಿಕೊಡವ್ವಾ’ ಎಂದೆ. ಅವಳು, ‘ಬ್ಯಾಡ ಬಿಡಪಾ, ದೊಡ್ಡ ಊರಿನವರು, ಅಂಗಡ್ಯಾಗಿಂದ ಚಲೋದೇನರ ಒಯ್ಯಿ’ ಎಂದಳು. ನಾನು ಅಂದು ಬಚ್ಚಿಟ್ಟ ಡಬ್ಬಿಯ ಸಂಗತಿ ಅವಳಿಗೆ ನಾನೇನೂ ಹೇಳಿರಲಿಲ್ಲ. ಆದರೂ ಆ ನಾಚಿಕೆ ಅವಳವರೆಗೂ ತಲುಪಿತ್ತು. ಬಹಳ ಹೇಳಿ ಕಟ್ಟಿಸಿಕೊಂಡು ಹೋದೆ. ಗೆಳೆಯರು ತಿಂದು, ‘ಇದು ಎಲ್ಲಿಯದು?’ ಎಂದು ಕೇಳಿದರು.

ಈ ಸಲ ಊರಿನ ಹೆಸರನ್ನು ಸರಿಯಾಗಿ ಹೇಳಿದೆ.